ಮುಂದಿನ ಹಲ್ಲು ಮುರಿದಿದೆ, ನೋವಿಲ್ಲ. ರೂಟ್ ಕೆನಾಲ್, ಕ್ಯಾಪ್ ಬೇಕೇ ಬೇಕಾ?

ಪ್ರಶ್ನೆ: ನನಗೆ 26 ವರ್ಷ. ಹನ್ನೊಂದನೇ ವಯಸ್ಸಿನಲ್ಲಿ ಸೈಕಲ್‌ನಿಂದ ಬಿದ್ದು ಮೇಲಿನ ಎರಡೂ ಮುಂದಿನ ಹಲ್ಲು ಮುರಿದವು. ಒಂದರಲ್ಲಿ ಮೂಲೆಯ ಕಡೆ ಸುಮಾರು ಮೂರನೇ ಒಂದು ಭಾಗ ಹೋಗಿತ್ತು. ಅದಕ್ಕೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದ್ದರು. ಅದು ಎರಡು ಸಾರಿ ಕಿತ್ತು ಬಂತು, ಮತ್ತೆ ಹಾಕಿಸಿದೆ. ಈಗ ಹಳದಿಯಾಗಿದೆ, ಅಂಚಿನಲ್ಲಿ ಕಂದು ಗೆರೆ ಬಂದಿದೆ. ಪಕ್ಕದ ಹಲ್ಲಿನ ತುದಿಯಲ್ಲಿ ಸಣ್ಣ ಚಕ್ಕೆ ಹಾರಿದೆ, ಅದಕ್ಕೆ ಏನೂ ಮಾಡಿಸಿಲ್ಲ. ಎರಡರಲ್ಲೂ ನೋವಿಲ್ಲ. ಈಗ ನೋಡಿದ ಡಾಕ್ಟರು ಎರಡಕ್ಕೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿಬಿಟ್ಟರೆ ಮುಂದೆ ತಲೆನೋವಿಲ್ಲ ಅನ್ನುತ್ತಾರೆ. ಹಲ್ಲು ತೇಯದೆ ಸರಿ ಮಾಡಲು ಆಗಲ್ವಾ? ಮಾಡಿದರೆ ಎಷ್ಟು ವರ್ಷ ಬರುತ್ತೆ? ಹಲ್ಲು ಬಿಳಿ ಮಾಡಿಸುವ ಆಸೆಯೂ ಇದೆ. ಅದು ಮೊದಲಾ, ಆಮೇಲಾ?

ಉತ್ತರ: ಆಗುತ್ತೆ. ನೀವು ಬರೆದಿರುವಷ್ಟನ್ನು ನೋಡಿದರೆ, ಎರಡೂ ಹಲ್ಲನ್ನು ತೇಯದೆ ಅಥವಾ ಲೆಕ್ಕಕ್ಕೇ ಬಾರದಷ್ಟು ತೇಯ್ದು ಸರಿ ಮಾಡಬಹುದು. ರೂಟ್ ಕೆನಾಲ್ ಬೇಕು ಅನ್ನಲು ನಿಮ್ಮ ಪತ್ರದಲ್ಲಿ ನನಗೆ ಒಂದು ಕಾರಣವೂ ಸಿಗಲಿಲ್ಲ. ಆದರೆ ಹಲ್ಲು ನೋಡದೆ 'ಬೇಡವೇ ಬೇಡ' ಎಂದು ಹೇಳುವುದೂ ತಪ್ಪಾಗುತ್ತದೆ. ಹದಿನೈದು ವರ್ಷದ ಹಿಂದೆ ಜೋರು ಪೆಟ್ಟು ತಿಂದ ಹಲ್ಲುಗಳು ಅವು. ನೋವೇ ಇಲ್ಲದೆ ಒಳಗೆ ಏನಾದರೂ ಆಗಿರಲು ಸಾಧ್ಯ. ಅದನ್ನು ಪರೀಕ್ಷೆ ಮಾಡಿ ತಿಳಿಯಬೇಕು.

ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡನ್ನೂ ಒಟ್ಟಿಗೆ ಹೇಳುವುದು ಎಷ್ಟು ರೂಢಿಯಾಗಿದೆ ಅಂದರೆ, ಅವು ಎರಡು ಬೇರೆ ಬೇರೆ ತೊಂದರೆಗೆ ಇರುವ ಚಿಕಿತ್ಸೆ ಅನ್ನುವುದೇ ಮರೆತುಹೋಗಿದೆ. ಹಲ್ಲಿನ ಹೊರಗೆ ಎನಾಮಲ್ ಇರುತ್ತದೆ. ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಅದರ ಕೆಳಗೆ ಡೆಂಟಿನ್. ಸ್ವಲ್ಪ ಮೆದು, ಸ್ವಲ್ಪ ಹಳದಿ, ತುಂಬಾ ಸಣ್ಣ ಕೊಳವೆಗಳಿಂದ ಕೂಡಿದ ಭಾಗ. ಎಲ್ಲಕ್ಕಿಂತ ಒಳಗೆ ಪಲ್ಪ್. ಹಲ್ಲಿನ ನರ ಅನ್ನುತ್ತೇವಲ್ಲ, ಅದೇ. ರಕ್ತನಾಳ, ನರ, ಜೀವಕೋಶ ಎಲ್ಲ ಅಲ್ಲಿವೆ. ರೂಟ್ ಕೆನಾಲ್ ಅಂದರೆ ಆ ಪಲ್ಪನ್ನು ಪೂರ್ತಿ ತೆಗೆದು, ಬೇರಿನ ಒಳಗಿನ ನಾಳವನ್ನು ಶುಚಿ ಮಾಡಿ ತುಂಬುವುದು. ಪಲ್ಪ್ ಸತ್ತಿದ್ದರೆ, ಅಥವಾ ಮತ್ತೆ ಚೇತರಿಸಿಕೊಳ್ಳಲಾರದಷ್ಟು ಕೆಟ್ಟಿದ್ದರೆ ಅದು ಬಹಳ ಒಳ್ಳೆಯ ಚಿಕಿತ್ಸೆ. ಪಲ್ಪ್ ಚೆನ್ನಾಗಿದ್ದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ಹಲ್ಲಿನ ಮೂಲೆ ಮುರಿದಿರುವುದು ಆಕಾರದ ತೊಂದರೆ. 'ಮುಂದೆ ನೋವು ಬಂದರೆ ಕಷ್ಟ, ಈಗಲೇ ಮಾಡಿಬಿಡೋಣ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬದುಕಿರುವ ಪಲ್ಪ್ ಹಲ್ಲಿನ ಕಾವಲುಗಾರ. ಹುಳುಕು ಹತ್ತಿರ ಬಂದರೆ ಜುಮ್ ಎಂದು ತಿಳಿಸುತ್ತದೆ, ಒಳಗಿನಿಂದ ಹೊಸ ಡೆಂಟಿನ್ ಕಟ್ಟಿ ತನ್ನನ್ನು ಕಾಪಾಡಿಕೊಳ್ಳುತ್ತದೆ.

ಹಾಗಾದರೆ ಪಲ್ಪ್ ಬದುಕಿದೆಯೋ ಇಲ್ಲವೋ ಎಂದು ಹೇಗೆ ನೋಡುತ್ತಾರೆ? ಮೊದಲು ಎಕ್ಸ್‌ರೇ. ಬೇರಿನ ತುದಿಯ ಸುತ್ತ ಮೂಳೆ ಕರಗಿ ಕಪ್ಪು ನೆರಳು ಬಂದಿದೆಯಾ, ನಾಳ ಹೇಗಿದೆ, ಬೇರು ಪೂರ್ತಿ ಬೆಳೆದಿದೆಯಾ ಎಂದು ಗೊತ್ತಾಗುತ್ತದೆ. ಆಮೇಲೆ ತಣ್ಣನೆಯ ಪರೀಕ್ಷೆ. ಹತ್ತಿಗೆ ತುಂಬಾ ತಣ್ಣಗಿನ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸುತ್ತಾರೆ. ನಿಮ್ಮ ಈ ಎರಡು ಹಲ್ಲಿಗೆ ಮಾತ್ರ ಮುಟ್ಟಿಸಿದರೆ ಸಾಲದು. ಅಕ್ಕಪಕ್ಕದ ಚೆನ್ನಾಗಿರುವ ಹಲ್ಲಿಗೂ ಮುಟ್ಟಿಸಿ ಹೋಲಿಸಬೇಕು. ವಸಡಿನ ಮೇಲೆ ಸಣ್ಣ ಗುಳ್ಳೆ ಇದೆಯಾ, ಕೀವು ಬರುತ್ತಿದೆಯಾ, ಹಲ್ಲನ್ನು ಮೆಲ್ಲಗೆ ಬಡಿದರೆ ನೋಯುತ್ತದಾ, ಬಣ್ಣ ಬೂದಿಯಾಗಿದೆಯಾ, ಇವನ್ನೂ ನೋಡುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಚಿಕ್ಕಂದಿನಲ್ಲಿ ಪೆಟ್ಟು ಬಿದ್ದ ಹಲ್ಲಿನೊಳಗೆ ಪಲ್ಪ್ ಕೆಲವೊಮ್ಮೆ ಅಗತ್ಯಕ್ಕಿಂತ ಜಾಸ್ತಿ ಡೆಂಟಿನ್ ಕಟ್ಟುತ್ತಾ ಹೋಗುತ್ತದೆ. ನಾಳ ಕಿರಿದಾಗಿ ಎಕ್ಸ್‌ರೇಯಲ್ಲಿ ಕಾಣದ ಹಾಗೇ ಆಗುತ್ತದೆ. ಹೊರಗಿನಿಂದ ಹಲ್ಲು ಪಕ್ಕದ್ದಕ್ಕಿಂತ ಹಳದಿ ಕಾಣುತ್ತದೆ. ಇಂಥ ಹಲ್ಲು ತಣ್ಣನೆಯ ಪರೀಕ್ಷೆಗೆ ಸುಮ್ಮನೆ ಇದ್ದುಬಿಡಬಹುದು. ಅಷ್ಟಕ್ಕೇ 'ನರ ಸತ್ತಿದೆ' ಎಂದು ತೀರ್ಮಾನಿಸಬಾರದು. ಹಲ್ಲಿನ ಪೆಟ್ಟಿಗೆಂದೇ ಇರುವ ಅಂತರರಾಷ್ಟ್ರೀಯ ತಜ್ಞರ ಸಂಘ 2020ರಲ್ಲಿ ತನ್ನ ಮಾರ್ಗಸೂಚಿಯನ್ನು ಹೊಸದು ಮಾಡಿತು. ಪಲ್ಪ್ ಸತ್ತು ಸೋಂಕಾಗಿದೆ ಅನ್ನಲು ಕನಿಷ್ಠ ಎರಡು ಲಕ್ಷಣ ಇರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ತಣ್ಣಗಿನದಕ್ಕೆ ಉತ್ತರ ಕೊಡದಿರುವುದು ಒಂದು ಲಕ್ಷಣ ಅಷ್ಟೇ. ಅದರ ಜೊತೆ ಬೇರಿನ ತುದಿಯಲ್ಲಿ ನೆರಳೋ, ವಸಡಿನ ಗುಳ್ಳೆಯೋ ಕಂಡರೆ ಮಾತು ಬೇರೆ. ಆಗ ರೂಟ್ ಕೆನಾಲ್ ತಡ ಮಾಡದೆ ಮಾಡಿಸಿ. ನೋವಿಲ್ಲ ಎಂದು ಮುಂದೂಡಬೇಡಿ. ಸತ್ತ ಪಲ್ಪ್ ಎಷ್ಟೋ ಸಾರಿ ನೋವು ಕೊಡುವುದೇ ಇಲ್ಲ.

ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಯಿತು ಅಂದರೆ ಕ್ಯಾಪ್ ಹಾಕಲೇಬೇಕು ಅನ್ನುವ ನಿಯಮವೂ ಇಲ್ಲ. ಹಿಂದಿನ ದವಡೆ ಹಲ್ಲಿನ ಕಥೆ ಬೇರೆ. ಅದರ ಮೇಲೆ ಅಗಿಯುವ ಭಾರ ನೇರವಾಗಿ ಬೀಳುತ್ತದೆ, ಸೀಳಿಹೋಗುವ ಅಪಾಯ ಜಾಸ್ತಿ. ಅಲ್ಲಿ ಕ್ಯಾಪ್ ಹೇಳುವುದಕ್ಕೆ ಅರ್ಥವಿದೆ. ಮುಂದಿನ ಹಲ್ಲಿನಲ್ಲಿ ಸಾಕಷ್ಟು ಗಟ್ಟಿ ಭಾಗ ಉಳಿದಿದ್ದರೆ ರೂಟ್ ಕೆನಾಲಿಗೆಂದು ಹಿಂಭಾಗದಲ್ಲಿ ಕೊರೆದ ತೂತನ್ನು ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂದರೆ ಕಾಂಪೋಸಿಟ್‌ನಿಂದ ಮುಚ್ಚಿದರೆ ಸಾಕು. ಒಳಗಿನಿಂದ ಕಪ್ಪಾಗಿದ್ದರೆ ಒಳಗಿನಿಂದಲೇ ಬ್ಲೀಚ್ ಮಾಡುವ ದಾರಿಯೂ ಇದೆ.

ಈಗ ಕ್ಯಾಪ್ ವಿಚಾರ. ಕ್ಯಾಪ್ ಹಾಕಲು ಜಾಗ ಬೇಕು. ಆ ಜಾಗಕ್ಕಾಗಿ ಹಲ್ಲನ್ನು ಸುತ್ತಲೂ ತೇಯಬೇಕು. ಎಷ್ಟು? ಡೇನಿಯಲ್ ಎಡೆಲ್‌ಹಾಫ್ ಮತ್ತು ಜಾನ್ ಸೊರೆನ್ಸನ್ ಎಂಬ ಇಬ್ಬರು 2002ರಲ್ಲಿ ಮಾದರಿ ಹಲ್ಲುಗಳನ್ನು ತೇಯ್ದು ತೂಕ ಹಾಕಿ ನೋಡಿದರು. ಮುಂದಿನ ಹಲ್ಲಿಗೆ ಪೂರ್ತಿ ಕ್ಯಾಪ್ ಕೂರಿಸಲು ಹೊರಗೆ ಕಾಣುವ ಭಾಗದ ಶೇ. 63ರಿಂದ 72ರಷ್ಟು ಹೋಯಿತು. ಮುಂಭಾಗಕ್ಕೆ ಮಾತ್ರ ಅಂಟಿಸುವ ವೆನೀರ್‌ಗೆ, ಅದರ ವಿನ್ಯಾಸ ನೋಡಿಕೊಂಡು, ಶೇ. 3ರಿಂದ 30. ನಿಮ್ಮ ಎರಡನೇ ಹಲ್ಲನ್ನೇ ತೆಗೆದುಕೊಳ್ಳಿ. ಹೋಗಿರುವುದು ತುದಿಯ ಒಂದು ಚಕ್ಕೆ. ಅದನ್ನು ಸರಿ ಮಾಡಲು ಉಳಿದ ಹಲ್ಲಿನ ಮುಕ್ಕಾಲು ಭಾಗದ ಹತ್ತಿರ ತೆಗೆಯುವುದು ಯಾವ ಲೆಕ್ಕ?

ಎನಾಮಲ್ ಉಗುರಿನ ಹಾಗೆ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮೇಲಾಗಿ, 26ಕ್ಕೆ ಹಾಕಿದ ಕ್ಯಾಪ್ 76ರವರೆಗೆ ಇರುವುದಿಲ್ಲ. ನಡುವೆ ಎರಡು ಮೂರು ಸಾರಿಯಾದರೂ ಬದಲಿಸಬೇಕಾಗಬಹುದು. ಪ್ರತಿ ಸಾರಿ ಇನ್ನಷ್ಟು ಹಲ್ಲು ಹೋಗುತ್ತದೆ. ವಯಸ್ಸಾದಂತೆ ವಸಡು ಸ್ವಲ್ಪ ಮೇಲೆ ಸರಿದರೆ ಕ್ಯಾಪಿನ ಅಂಚು ಕಾಣತೊಡಗುತ್ತದೆ. 'ಮುಂದೆ ತಲೆನೋವಿಲ್ಲ' ಅನ್ನುವುದು ಮುಂದಿನ ಹತ್ತು ವರ್ಷಕ್ಕೆ ನಿಜ ಇರಬಹುದು. ನಿಮ್ಮ ವಯಸ್ಸಿನವರು ನೋಡಬೇಕಾದದ್ದು ಐವತ್ತು ವರ್ಷದ ಲೆಕ್ಕ. ಇವತ್ತು ಕಾಂಪೋಸಿಟ್ ಹಾಕಿಸಿದರೆ ನಾಳೆ ವೆನೀರ್ ಮಾಡಿಸಬಹುದು, ಅದಾದ ಮೇಲೆ ಕ್ಯಾಪ್ ಮಾಡಿಸಬಹುದು. ಇವತ್ತು ಕ್ಯಾಪಿಗೆ ತೇಯ್ದರೆ ಹಿಂದಕ್ಕೆ ಬರಲು ದಾರಿಯಿಲ್ಲ. ನನ್ನ ಸಲಹೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

'ಸರಿ, ಆದರೆ ನನ್ನ ಫಿಲ್ಲಿಂಗ್ ಎರಡು ಸಾರಿ ಕಿತ್ತು ಬಂತಲ್ಲ' ಎಂದು ನೀವು ಕೇಳುತ್ತೀರಿ. ಅದಕ್ಕೆ ಉತ್ತರ ಹೇಳಬೇಕಾದರೆ ಕಾಂಪೋಸಿಟ್ ಹಲ್ಲಿಗೆ ಹೇಗೆ ಅಂಟುತ್ತದೆ ಎಂದು ನೋಡಬೇಕು. ಹಳೆಯ ಕಾಲದಲ್ಲಿ ಫಿಲ್ಲಿಂಗ್ ನಿಲ್ಲಲು ಹಲ್ಲನ್ನು ಗೂಡಿನ ಆಕಾರದಲ್ಲಿ ಕೊರೆಯುತ್ತಿದ್ದರು. ಮುಂದಿನ ಹಲ್ಲಿನ ಮೂಲೆಯಲ್ಲಿ ಗೂಡು ಕೊರೆಯಲು ಜಾಗವೇ ಇಲ್ಲ. 1955ರಲ್ಲಿ ಅಮೆರಿಕದ ಮೈಕೇಲ್ ಬ್ಯೂನೊಕೋರ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುತ್ತಿದ್ದುದು ಅವರ ಗಮನದಲ್ಲಿತ್ತು. ಅದೇ ಆಮ್ಲವನ್ನು, ಶೇ. 85ರಷ್ಟು ಗಾಢವಾದದ್ದನ್ನು, 30 ಸೆಕೆಂಡ್ ಎನಾಮಲ್ ಮೇಲೆ ಇಟ್ಟು ತೊಳೆದರು. ಆ ಜಾಗಕ್ಕೆ ಹಚ್ಚಿದ ಅಕ್ರಿಲಿಕ್ ವಾರಗಟ್ಟಲೆ ನಿಂತಿತು. ಆಮ್ಲ ಹಚ್ಚದ ಜಾಗದಲ್ಲಿ ಗಂಟೆಗಳಲ್ಲೇ ಕಳಚಿ ಬಿತ್ತು. ಆಮ್ಲ ಎನಾಮಲ್‌ನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಳಿಗಳನ್ನು ಮಾಡುತ್ತದೆ. ದ್ರವರೂಪದ ರಾಳ (ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಅಂಟು) ಅವುಗಳ ಒಳಗೆ ಇಳಿದು ಗಟ್ಟಿಯಾದರೆ ಬೇರು ಬಿಟ್ಟಂತೆಯೇ. 1962ರಲ್ಲಿ ರಫಾಯೆಲ್ ಬೋವೆನ್ ಒಂದು ಹೊಸ ರಾಳಕ್ಕೆ ಪೇಟೆಂಟ್ ಪಡೆದರು. ಇಂದಿನ ಕಾಂಪೋಸಿಟ್‌ಗಳ ಮೂಲ ಅದು. ಈಗ ಆಮ್ಲದ ಗಾಢತೆ ಶೇ. 35ರಿಂದ 37ಕ್ಕೆ ಇಳಿದಿದೆ, ಎನಾಮಲ್ ಮೇಲೆ 15ರಿಂದ 30 ಸೆಕೆಂಡ್ ಇಟ್ಟರೆ ಸಾಕು.

ಗಮನಿಸಿ, ಈ ಹಿಡಿತ ಎನಾಮಲ್ ಮೇಲೆ ಸಿಗುವಷ್ಟು ಗಟ್ಟಿಯಾಗಿ ಡೆಂಟಿನ್ ಮೇಲೆ ಸಿಗುವುದಿಲ್ಲ. ಡೆಂಟಿನ್‌ನಲ್ಲಿ ನೀರಿನಂಶ ಇದೆ, ಹಿಡಿತ ವರ್ಷಗಳಾದಂತೆ ಸಡಿಲವಾಗುತ್ತದೆ. ಅಂದರೆ ಮುರಿದ ಜಾಗದ ಸುತ್ತ ಎನಾಮಲ್ ಎಷ್ಟು ಉಳಿದಿದೆಯೋ ಅಷ್ಟು ನಿಮ್ಮ ಅದೃಷ್ಟ. ಅದನ್ನು ತೇಯ್ದು ತೆಗೆದರೆ ಅಂಟುವ ನೆಲವನ್ನೇ ಕಳೆದುಕೊಂಡ ಹಾಗೆ.

ನಿಮ್ಮದು ಯಾಕೆ ಕಿತ್ತು ಬಂತು ಎಂದು ಇಲ್ಲಿಂದ ಖಚಿತವಾಗಿ ಹೇಳಲಾರೆ. ಸಾಮಾನ್ಯವಾಗಿ ಕಾರಣಗಳು ಇವೇ. ಮೊದಲನೆಯದು ಒದ್ದೆ. ಅಂಟಿಸುವಾಗ ಉಗುಳು, ರಕ್ತ, ಬರೀ ಉಸಿರಿನ ತೇವ ತಾಗಿದರೂ ಹಿಡಿತ ಹಾಳು. ಹನ್ನೊಂದು ವರ್ಷದ ಹುಡುಗ, ಬಿದ್ದ ಗಾಬರಿ, ಊದಿದ ತುಟಿ, ರಕ್ತ ಸುರಿಯುವ ವಸಡು. ಆ ಹೊತ್ತಿನಲ್ಲಿ ಹಾಕಿದ್ದು ತಾತ್ಕಾಲಿಕವಾಗಿ ನಿಂತಿದ್ದೇ ದೊಡ್ಡದು. ಎರಡನೆಯದು, ಕಚ್ಚುವ ರೀತಿ. ಕೆಳಗಿನ ಹಲ್ಲು ನೇರವಾಗಿ ಫಿಲ್ಲಿಂಗಿನ ಅಂಚಿಗೆ ಹೊಡೆಯುತ್ತಿದ್ದರೆ ಯಾವ ಫಿಲ್ಲಿಂಗೂ ತಡೆಯುವುದಿಲ್ಲ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರಂತೂ ಮುಗಿಯಿತು. ಇನ್ನು ಕೆಲವರು ಮುರಿದ ಅಂಚಿಗೆ ನೇರವಾಗಿ ಕಾಂಪೋಸಿಟ್ ಹಚ್ಚಿಬಿಡುತ್ತಾರೆ. ಅಂಚಿನ ಎನಾಮಲನ್ನು ಒಂದೆರಡು ಮಿಲಿಮೀಟರ್ ಅಗಲಕ್ಕೆ ತೆಳ್ಳಗೆ ಓರೆ ಮಾಡಿದರೆ ಅಂಟುವ ಜಾಗವೂ ಹೆಚ್ಚುತ್ತದೆ, ಹಲ್ಲು ಮತ್ತು ಫಿಲ್ಲಿಂಗ್ ಸೇರುವ ಗೆರೆಯೂ ಕಾಣುವುದಿಲ್ಲ. ನಾನು ಮೇಲೆ 'ಲೆಕ್ಕಕ್ಕೇ ಬಾರದಷ್ಟು ತೇಯ್ದು' ಎಂದದ್ದು ಇದನ್ನೇ.

ಅಂಚಿನ ಕಂದು ಗೆರೆ ಕಂಡು ಹೆದರಬೇಡಿ. ಬಹಳಷ್ಟು ಸಲ ಅದು ಬರೀ ಕಲೆ. ಹಿಡಿತ ಸಡಿಲವಾದ ಕಡೆ ಕಾಫಿ, ಟೀ, ತಂಬಾಕಿನ ಬಣ್ಣ ಸೇರಿಕೊಂಡಿರುತ್ತದೆ. ಕೆಲವೊಮ್ಮೆ ಅದರ ಕೆಳಗೆ ಹುಳುಕು ಇರುತ್ತದೆ. ಹಳೆಯ ಫಿಲ್ಲಿಂಗ್ ತೆಗೆದಾಗ ಅದು ಹೇಗೂ ಗೊತ್ತಾಗುತ್ತದೆ.

ಇನ್ನು ಒಳ್ಳೆಯ ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕುರ್ಚಿಯಲ್ಲಿ ಕೂತಾಗ ನಿಮಗೇ ಅಂದಾಜು ಸಿಗಲಿ ಎಂದು.

ಬಣ್ಣ ಆರಿಸುವುದು ಎಲ್ಲಕ್ಕಿಂತ ಮೊದಲು ಆಗಬೇಕು. ಬಾಯಿ ತೆರೆದು ಹತ್ತು ನಿಮಿಷ ಕೂತರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ. ಆಗ ನೋಡಿ ಬಣ್ಣ ಹೊಂದಿಸಿದರೆ ಮಾರನೇ ದಿನ ಹಲ್ಲು ತನ್ನ ಬಣ್ಣಕ್ಕೆ ಮರಳುತ್ತದೆ, ಫಿಲ್ಲಿಂಗ್ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಹಲ್ಲು ಒದ್ದೆಯಿರುವಾಗಲೇ ಒಂದೆರಡು ಕಾಂಪೋಸಿಟ್ ಚುಕ್ಕೆ ಅಂಟಿಸದೆ ಸುಮ್ನೆ ಇಟ್ಟು, ಬೆಳಕು ಬಿಟ್ಟು ಗಟ್ಟಿ ಮಾಡಿ ಹೋಲಿಸುವವರು ಸರಿಯಾದ ದಾರಿಯಲ್ಲಿದ್ದಾರೆ. ಇದೇ ಕಾರಣಕ್ಕೆ, ಕೆಲಸ ಮುಗಿದ ದಿನ ಕನ್ನಡಿಯಲ್ಲಿ ನೋಡಿ ತೀರ್ಪು ಕೊಡಬೇಡಿ. ಉಳಿದ ಹಲ್ಲು ಮತ್ತೆ ನೀರು ಕುಡಿದು ತನ್ನ ಬಣ್ಣಕ್ಕೆ ಬರಲು ಒಂದೆರಡು ದಿನ ಕೊಡಿ.

ನಿಮ್ಮಂಥ ದೊಡ್ಡ ಮುರಿತಕ್ಕೆ ಮೊದಲು ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹಲ್ಲಿನ ಪೂರ್ತಿ ಆಕಾರ ಕಟ್ಟಿ, ಅದರ ಹಿಂಭಾಗದ ಅಚ್ಚನ್ನು ಸಿಲಿಕಾನ್‌ನಲ್ಲಿ ಹಿಡಿದಿಟ್ಟುಕೊಳ್ಳುವ ಪದ್ಧತಿ ಇದೆ. ಆ ಸಿಲಿಕಾನ್ ತುಂಡನ್ನು ಬಾಯೊಳಗೆ ಹಲ್ಲಿನ ಹಿಂದೆ ಇಟ್ಟರೆ ಹಿಂಗೋಡೆ ಎಲ್ಲಿ ಬರಬೇಕು, ತುದಿ ಎಷ್ಟು ಉದ್ದ ಇರಬೇಕು ಎಂಬುದು ತಯಾರಾಗಿ ಸಿಗುತ್ತದೆ. ಕಣ್ಣಳತೆಯಲ್ಲಿ ಮಾಡುವವರೂ ಇದ್ದಾರೆ. ಕೈ ಪಳಗಿದವರಿಗೆ ಅದೂ ಸಾಧ್ಯ. ಆದರೆ ಅಚ್ಚು ಇದ್ದರೆ ನೀವು ಮೊದಲೇ ಆಕಾರ ನೋಡಿ 'ಇನ್ನೂ ಸ್ವಲ್ಪ ಗಿಡ್ಡ ಇರಲಿ' ಅನ್ನಬಹುದು. ಹಲ್ಲಿನ ಮೇಲೆ ತಾತ್ಕಾಲಿಕ ಮಾದರಿ ಕೂರಿಸಿ ಮಾತಾಡಿಸಿ ನೋಡುವವರೂ ಇದ್ದಾರೆ. ಮುಂದಿನ ಹಲ್ಲಿನ ಉದ್ದ ಬದಲಾದರೆ 'ಫ', 'ವ' ಅನ್ನುವಾಗ ಕೆಳತುಟಿಗೆ ತಾಗುವುದು ಬದಲಾಗುತ್ತದೆ. ಒಂದೆರಡು ವಾಕ್ಯ ಜೋರಾಗಿ ಓದಿ ನೋಡಿ.

ಆಮೇಲೆ ರಬ್ಬರ್ ಡ್ಯಾಮ್. ತೆಳುವಾದ ರಬ್ಬರ್ ಹಾಳೆ. ತೂತುಗಳ ಮೂಲಕ ಬೇಕಾದ ಹಲ್ಲುಗಳು ಮಾತ್ರ ಹೊರಗೆ ಬರುತ್ತವೆ, ಉಳಿದ ಬಾಯಿ ಹಿಂದೆ ಉಳಿಯುತ್ತದೆ. ಒಣಗಿದ ಹಲ್ಲು ಬೇಕೆಂದರೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಹತ್ತಿ ಸುರುಳಿ ಇಟ್ಟು ಚೆನ್ನಾಗಿ ಮಾಡುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಎರಡು ಸಾರಿ ಕಿತ್ತು ಬಂದ ಹಲ್ಲಿಗೆ ನಾನಾಗಿದ್ದರೆ ಡ್ಯಾಮ್ ಹಾಕದೆ ಕೈ ಇಡುತ್ತಿರಲಿಲ್ಲ.

ಹಳೆಯ ಕಾಂಪೋಸಿಟ್ ತೆಗೆಯುವಾಗ ಹಲ್ಲು ಹೋಗಬಾರದು. ಹೊಂದಿಕೊಂಡ ಬಣ್ಣದ್ದಾದ್ದರಿಂದ ಎಲ್ಲಿ ಫಿಲ್ಲಿಂಗ್ ಮುಗಿದು ಎಲ್ಲಿ ಹಲ್ಲು ಶುರು ಎಂದು ಗೊತ್ತಾಗುವುದು ಕಷ್ಟ. ಆತುರ ಮಾಡಿದರೆ ಇಲ್ಲಿಯೇ ಎನಾಮಲ್ ಕಳೆದುಹೋಗುತ್ತದೆ. ಎಲ್ಲ ತೆಗೆದ ಮೇಲೆ ಅಂಚು ಓರೆ ಮಾಡುವುದು, ಆಮ್ಲ, ತೊಳೆಯುವುದು, ಅಂಟು, ಬೆಳಕು. ನಂತರ ಪದರ ಪದರವಾಗಿ ಕಾಂಪೋಸಿಟ್. ಹಿಂಗೋಡೆಗೆ ಎನಾಮಲ್‌ನಂತೆ ಬೆಳಕು ಹಾಯುವ ಬಣ್ಣ, ಒಳಗೆ ಡೆಂಟಿನ್‌ನಂತೆ ಮಂದವಾದ ಬಣ್ಣ, ಮೇಲೆ ಮತ್ತೆ ಎನಾಮಲ್ ಬಣ್ಣ. ಒಂದೇ ಬಣ್ಣದ್ದನ್ನು ಮೂಲೆಯುದ್ದಕ್ಕೂ ತುಂಬಿದರೆ ದೂರದಿಂದ ಪರವಾಗಿಲ್ಲ, ಹತ್ತಿರದಿಂದ ಸುಣ್ಣ ಹಚ್ಚಿದ ಹಾಗೆ ಕಾಣುತ್ತದೆ. ಹೊಸಬರು ತುದಿಯಲ್ಲಿ ಡೆಂಟಿನ್ ಬಣ್ಣ ಜಾಸ್ತಿ ಹಾಕಿಬಿಡುತ್ತಾರೆ. ನಿಮ್ಮ ಚೆನ್ನಾಗಿರುವ ಬೇರೆ ಹಲ್ಲುಗಳ ತುದಿಯನ್ನು ಬೆಳಕಿನಲ್ಲಿ ನೋಡಿ, ಅಲ್ಲಿ ನಸು ನೀಲಿಯೋ ಬೂದಿಯೋ ಇರುತ್ತದೆ. ಅದು ಬರಬೇಕು.

ಪದರ ಎರಡು ಮಿಲಿಮೀಟರ್‌ಗಿಂತ ದಪ್ಪ ಇರಬಾರದು. ಕಾರಣ ಎರಡು. ನೀಲಿ ಬೆಳಕು ಅದಕ್ಕಿಂತ ಆಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಮತ್ತೆ, ಕಾಂಪೋಸಿಟ್ ಗಟ್ಟಿಯಾಗುವಾಗ ಶೇ. 2ರಿಂದ 3ರಷ್ಟು ಕುಗ್ಗುತ್ತದೆ. ಒಂದೇ ಸಲ ದಪ್ಪಗೆ ಹಾಕಿದರೆ ಆ ಎಳೆತ ಅಂಚಿಗೆ ಬೀಳುತ್ತದೆ. ಕೊನೆಯ ಪದರದ ಮೇಲ್ಮೈ ಗಾಳಿಯ ಆಮ್ಲಜನಕದಿಂದಾಗಿ ಪೂರ್ತಿ ಗಟ್ಟಿಯಾಗುವುದಿಲ್ಲ. ಅದನ್ನು ಹಾಗೇ ಬಿಟ್ಟರೆ ಬೇಗ ಕಲೆ ಹಿಡಿಯುತ್ತದೆ. ಅದಕ್ಕೇ ಗ್ಲಿಸರಿನ್ ಜೆಲ್ ಹಚ್ಚಿ ಇನ್ನೊಮ್ಮೆ ಬೆಳಕು ಬಿಡುವುದು, ಆಮೇಲೆ ಪಾಲಿಶ್. ಪಾಲಿಶ್ ಅನ್ನುವುದು ಬರೀ ಹೊಳಪಿನ ಕೆಲಸ ಅಂದುಕೊಳ್ಳಬೇಡಿ. ನಿಮ್ಮ ಹಳೆಯ ಫಿಲ್ಲಿಂಗ್ ಹಳದಿಯಾದದ್ದಕ್ಕೆ ಒರಟಾದ ಮೇಲ್ಮೈಯೂ ಒಂದು ಕಾರಣ ಇರಬಹುದು. ಒಳ್ಳೆಯ ಕಾಂಪೋಸಿಟ್‌ಗೆ ಕಳಪೆ ಪಾಲಿಶ್ ಮಾಡುವುದಕ್ಕಿಂತ ಸಾಧಾರಣ ಕಾಂಪೋಸಿಟ್‌ಗೆ ಒಳ್ಳೆಯ ಪಾಲಿಶ್ ಮಾಡುವುದು ವಾಸಿ ಅನ್ನುವವನು ನಾನು. ಸಾಧ್ಯವಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಹೋಗಿ ಆಕಾರ, ಪಾಲಿಶ್ ಎರಡನ್ನೂ ತಿದ್ದಿಸಿಕೊಳ್ಳಿ.

ಕೊನೆಗೆ ಕಚ್ಚಿಸಿ ನೋಡಬೇಕು. ಬಣ್ಣದ ಕಾಗದ ಇಟ್ಟು ಬರೀ ಟಕ್ ಟಕ್ ಎಂದು ಕಚ್ಚಿಸಿದರೆ ಸಾಲದು. ದವಡೆಯನ್ನು ಮುಂದಕ್ಕೆ, ಎಡಕ್ಕೆ, ಬಲಕ್ಕೆ ಜಾರಿಸಿಯೂ ನೋಡಬೇಕು. ಮುಂದಿನ ಹಲ್ಲಿನ ಮೂಲೆ ಮುರಿಯುವುದು ಹೆಚ್ಚಾಗಿ ಆ ಜಾರುವಿಕೆಯಲ್ಲೇ.

ಇದಕ್ಕೆಲ್ಲ ಇಂಜೆಕ್ಷನ್ ಬೇಕಾಗುವುದು ಕಡಿಮೆ. ಡೆಂಟಿನ್ ತೆರೆದುಕೊಂಡಿದ್ದರೆ ಜುಮ್ ಅನ್ನಬಹುದು, ಬೇಕಿದ್ದರೆ ಕೇಳಿ. ಸಮಯ ಮಾತ್ರ ಹಿಡಿಯುತ್ತದೆ. ಇಷ್ಟು ದೊಡ್ಡ ಮುರಿತವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತೇನೆ ಅಂದರೆ ಮೇಲೆ ಹೇಳಿದ ಯಾವುದೋ ಹಂತ ಬಿಟ್ಟುಹೋಗುತ್ತದೆ.

ಚಕ್ಕೆ ಹಾರಿದ ಪಕ್ಕದ ಹಲ್ಲಿಗೆ ಎರಡು ದಾರಿ. ಚಕ್ಕೆ ಅರ್ಧ ಮಿಲಿಮೀಟರ್ ಒಳಗಿದ್ದರೆ ಅಂಚನ್ನು ನಯ ಮಾಡಿ ಬಿಡಬಹುದು. ಅದಕ್ಕಿಂತ ದೊಡ್ಡದಾದರೆ ಸ್ವಲ್ಪ ಕಾಂಪೋಸಿಟ್ ಹಚ್ಚಬಹುದು. ಎರಡೂ ಹಲ್ಲಿನ ಕೆಲಸ ಒಂದೇ ದಿನ ಇಟ್ಟುಕೊಳ್ಳಿ. ಮೇಲಿನ ನಡುವಿನ ಎರಡು ಹಲ್ಲುಗಳನ್ನು ಕಣ್ಣು ಸದಾ ಹೋಲಿಸುತ್ತಿರುತ್ತದೆ. ಒಂದನ್ನು ಮುಗಿಸಿ ಆರು ತಿಂಗಳ ಮೇಲೆ ಇನ್ನೊಂದನ್ನು ಹೊಂದಿಸುವುದು ಇಬ್ಬರಿಗೂ ಕಷ್ಟ.

ಬ್ಲೀಚಿಂಗ್ ಮೊದಲು. ಇದರಲ್ಲಿ ಎರಡು ಮಾತಿಲ್ಲ. ಬ್ಲೀಚ್ ಹಲ್ಲನ್ನು ಬಿಳಿ ಮಾಡುತ್ತದೆ, ಕಾಂಪೋಸಿಟನ್ನಾಗಲಿ ಪಿಂಗಾಣಿಯನ್ನಾಗಲಿ ಮಾಡುವುದಿಲ್ಲ. ಮೊದಲು ಫಿಲ್ಲಿಂಗ್ ಹಾಕಿ ಆಮೇಲೆ ಬ್ಲೀಚ್ ಮಾಡಿಸಿದರೆ ಫಿಲ್ಲಿಂಗ್ ಮಾತ್ರ ಹಳೆಯ ಬಣ್ಣದಲ್ಲಿ ಉಳಿಯುತ್ತದೆ. ಬ್ಲೀಚ್ ಮುಗಿದ ಕೂಡಲೇ ಅಂಟಿಸುವುದೂ ಬೇಡ. ಹಲ್ಲಿನೊಳಗೆ ಉಳಿದ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ. ಎರಡು ವಾರ ಬಿಡಿ. ಅಷ್ಟರಲ್ಲಿ ಬಣ್ಣವೂ ಒಂದು ಕಡೆ ನಿಲ್ಲುತ್ತದೆ. ಅಂಚು ಸೋರುತ್ತಿರುವ ಹಳೆಯ ಫಿಲ್ಲಿಂಗ್ ಇರುವುದರಿಂದ ಬ್ಲೀಚ್ ಶುರು ಮಾಡುವ ಮೊದಲು ಡಾಕ್ಟರಿಗೆ ತೋರಿಸಿ, ಬೇಕಿದ್ದರೆ ಆ ಅಂಚನ್ನು ತಾತ್ಕಾಲಿಕವಾಗಿ ಮುಚ್ಚುತ್ತಾರೆ. ಅಂಗಡಿಯಲ್ಲಿ ಸಿಗುವ ಉಜ್ಜುವ ಪುಡಿಗಳ ಸಹವಾಸ ಮಾತ್ರ ಬೇಡ. ಅವು ಬಿಳಿ ಮಾಡುವುದು ಎನಾಮಲ್ ಸವೆಸಿ.

ಎಷ್ಟು ವರ್ಷ ಬರುತ್ತೆ ಅಂದಿರಲ್ಲ. ಮೂಲೆ ಪೂರ್ತಿ ಕಟ್ಟಿದ ಕಾಂಪೋಸಿಟ್, ಚೆನ್ನಾಗಿ ಮಾಡಿದ್ದರೆ, ಐದರಿಂದ ಹತ್ತು ವರ್ಷ ಬರುವುದು ಸಾಮಾನ್ಯ. ಅದಕ್ಕಿಂತ ಹೆಚ್ಚು ಬಂದದ್ದೂ ಇದೆ, ಒಂದೇ ವರ್ಷದಲ್ಲಿ ಮುರಿದದ್ದೂ ಇದೆ. ಕ್ಯಾಪಿಗೆ ಹೋಲಿಸಿದರೆ ಆಯಸ್ಸು ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾಂಪೋಸಿಟ್ ಕೆಟ್ಟರೆ ಕಾಂಪೋಸಿಟ್ ಕೆಡುತ್ತದೆ, ಹಲ್ಲು ಉಳಿಯುತ್ತದೆ. ಚೂರು ಹಾರಿದರೆ ಅಷ್ಟನ್ನೇ ತೇಪೆ ಹಾಕಬಹುದು, ಬಣ್ಣ ಮಾಸಿದರೆ ಮೇಲಿನ ಪದರ ಮಾತ್ರ ಬದಲಿಸಬಹುದು. ಉಗುರು ಕಚ್ಚುವುದು, ಪೆನ್ನಿನ ಕ್ಯಾಪ್ ಕಚ್ಚುವುದು, ದಾರ ಹಲ್ಲಿನಿಂದ ಕಡಿಯುವುದು, ಪ್ಯಾಕೆಟ್ ಹರಿಯುವುದು, ಇವನ್ನು ಬಿಟ್ಟುಬಿಡಿ. ಗಟ್ಟಿ ಪದಾರ್ಥವನ್ನು ಮುಂದಿನ ಹಲ್ಲಿನಿಂದ ಕಚ್ಚುವ ಬದಲು ತುಂಡು ಮಾಡಿ ತಿನ್ನಿ. ರಾತ್ರಿ ಹಲ್ಲು ಕಡಿಯುವವರಾದರೆ ನೈಟ್ ಗಾರ್ಡ್ ಮಾಡಿಸಿಕೊಳ್ಳಿ. ಆಟ ಆಡುವವರಾದರೆ ಮೌತ್ ಗಾರ್ಡ್.

ವೆನೀರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಪಿಂಗಾಣಿಯ ತೆಳು ಹಾಳೆ, ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ. ಬಣ್ಣ ಮಾಸುವುದಿಲ್ಲ, ಹೊಳಪು ಉಳಿಯುತ್ತದೆ, ಕಾಂಪೋಸಿಟ್‌ಗಿಂತ ಹೆಚ್ಚು ಕಾಲ ಬರುತ್ತದೆ. ಎನಾಮಲ್ ಒಳಗೇ ತೇಯ್ದು ಮುಗಿಸುವವರ ಕೈಯಲ್ಲಿ ಅದು ಒಳ್ಳೆಯ ಆಯ್ಕೆ. ಕಾಂಪೋಸಿಟ್ ಮತ್ತೆ ಮತ್ತೆ ಮುರಿಯುತ್ತಿದ್ದರೆ, ಅಥವಾ ಹಲ್ಲಿನ ಬಣ್ಣವೇ ಬ್ಲೀಚಿಗೆ ಬಗ್ಗದಿದ್ದರೆ ನಿಮ್ಮ ದೊಡ್ಡ ಮುರಿತದ ಹಲ್ಲಿಗೆ ಅದನ್ನು ಯೋಚಿಸಿ. ಕ್ಯಾಪ್ ಸರಿಯಾದ ಉತ್ತರವಾಗುವ ಹಲ್ಲುಗಳೂ ಇವೆ. ಎಲ್ಲ ಕಡೆ ಹಳೆಯ ಫಿಲ್ಲಿಂಗ್ ತುಂಬಿ ಎನಾಮಲ್ಲೇ ಉಳಿದಿಲ್ಲ ಅಂದರೆ ಅಂಟಲು ಏನಿದೆ? ಈಗಾಗಲೇ ಕ್ಯಾಪಿಗೆ ತೇಯ್ದಾಗಿರುವ ಹಲ್ಲಿಗೂ ಅಷ್ಟೇ. ನಿಮ್ಮದು ಆ ಗುಂಪಿಗೆ ಸೇರಿದ್ದಲ್ಲ ಎಂದು ಪತ್ರ ನೋಡಿದರೆ ಅನ್ನಿಸುತ್ತದೆ.

ಈಗಷ್ಟೇ ಬಿದ್ದು ಹಲ್ಲು ಮುರಿದುಕೊಂಡು ಇದನ್ನು ಓದುತ್ತಿರುವವರಿಗೆ ನಾಲ್ಕು ಮಾತು. ಮುರಿದ ಚೂರನ್ನು ಹುಡುಕಿ. ಹಾಲಿನಲ್ಲೋ ಸಲೈನ್‌ನಲ್ಲೋ ಹಾಕಿಟ್ಟು ಜೊತೆಗೆ ಒಯ್ಯಿರಿ, ಒಣಗಲು ಬಿಡಬೇಡಿ. ಅದನ್ನೇ ಮತ್ತೆ ಅಂಟಿಸಬಹುದು, ಅದಕ್ಕಿಂತ ಹೊಂದುವ ಬಣ್ಣ ಇನ್ನೆಲ್ಲಿ ಸಿಗುತ್ತದೆ? ಚೂರು ಸಿಗದೆ ತುಟಿಯೂ ಸೀಳಿದ್ದರೆ ಡಾಕ್ಟರಿಗೆ ಹೇಳಿ. ಅದು ತುಟಿಯೊಳಗೇ ಹೊಕ್ಕಿರುವುದುಂಟು. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡು ರಕ್ತ ಬಂದರೆ ಪಲ್ಪ್ ತೆರೆದಿದೆ ಎಂದು ಅರ್ಥ. ಆಗಲೂ ಎಲ್ಲರಿಗೂ ರೂಟ್ ಕೆನಾಲ್ ಬೇಕಿಲ್ಲ. 1978ರಲ್ಲಿ ಸ್ವೀಡನ್‌ನ ಮಿಯೊಮಿರ್ ಸ್ವೆಕ್ ಇಂಥ 60 ಹಲ್ಲುಗಳ ಫಲಿತಾಂಶ ಪ್ರಕಟಿಸಿದರು. ತೆರೆದ ಪಲ್ಪಿನ ಮೇಲಿನ ಎರಡು ಮಿಲಿಮೀಟರ್‌ನಷ್ಟನ್ನು ಮಾತ್ರ ತೆಗೆದು ಔಷಧಿ ಇಟ್ಟು ಮುಚ್ಚಿದ್ದರು. ಶೇ. 96ರಷ್ಟು ಹಲ್ಲುಗಳಲ್ಲಿ ಗಾಯ ಮಾಗಿತು. ಮಕ್ಕಳ ಹಲ್ಲಿಗೆ ಇದು ಬಹಳ ಮುಖ್ಯ, ಪಲ್ಪ್ ಬದುಕಿದ್ದರೆ ಮಾತ್ರ ಬೇರು ಪೂರ್ತಿ ಬೆಳೆಯುತ್ತದೆ. ಹಲ್ಲು ಮುರಿಯದೆ ಬೇರುಸಮೇತ ಹೊರಗೆ ಬಂದಿದ್ದರೆ, ಅದು ಹಾಲು ಹಲ್ಲಲ್ಲದಿದ್ದರೆ, ಬೇರನ್ನು ಮುಟ್ಟದೆ, ಕೊಳೆಯಾಗಿದ್ದರೆ ಒಂದು ಕ್ಷಣ ತೊಳೆದು, ಅಲ್ಲೇ ವಾಪಸ್ ಕೂರಿಸಿ ಓಡಿ. ಅಲ್ಲಿ ನಿಮಿಷಗಳ ಲೆಕ್ಕ.

ನಿಮ್ಮ ವಿಷಯಕ್ಕೆ ಬಂದರೆ, ಅದೇ ಡಾಕ್ಟರ ಹತ್ತಿರ ಹೋಗಿ ಕೇಳಿದರೂ ತಪ್ಪಿಲ್ಲ. 'ಪಲ್ಪ್ ಸತ್ತಿದೆ ಅನ್ನಲು ಯಾವ ಯಾವ ಲಕ್ಷಣ ಕಂಡವು? ಕ್ಯಾಪ್ ಬದಲು ಕಾಂಪೋಸಿಟ್ ಮಾಡಿದರೆ ಏನು ತೊಂದರೆ? ರಬ್ಬರ್ ಡ್ಯಾಮ್ ಹಾಕುತ್ತೀರಾ? ಮೊದಲು ಮಾಡಿದ ಇಂಥ ಕೆಲಸದ ಫೋಟೋ ಇದೆಯಾ?' ಎಂದು ಕೇಳಿ. ಸಿಟ್ಟಾಗದೆ ಎಕ್ಸ್‌ರೇ ತೋರಿಸಿ ವಿವರಿಸಿದರೆ ಅವರ ಕೈಯಲ್ಲೇ ಮಾಡಿಸಬಹುದು. ಎಕ್ಸ್‌ರೇ ಪ್ರತಿ ಕೇಳಿ ತೆಗೆದುಕೊಳ್ಳಿ. ಬೇರೆ ಡಾಕ್ಟರಿಗೆ ತೋರಿಸುವುದಾದರೆ ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೊಡಾಂಟಿಕ್ಸ್ (ಹಲ್ಲು ಉಳಿಸಿ ಫಿಲ್ಲಿಂಗ್ ಮಾಡುವ ಮತ್ತು ರೂಟ್ ಕೆನಾಲ್ ಮಾಡುವ ವಿಭಾಗ) ಓದಿದವರನ್ನು ನೋಡಿ, ಈ ಎರಡೂ ಪ್ರಶ್ನೆ ಅವರ ದಿನನಿತ್ಯದ ಕೆಲಸ. ಕೆಲಸ ಮುಗಿದ ಮೇಲೆ ವರ್ಷಕ್ಕೊಮ್ಮೆ ತಣ್ಣನೆಯ ಪರೀಕ್ಷೆ ಮಾಡಿಸಿ. ಹಲ್ಲು ಬೂದಿ ಬಣ್ಣಕ್ಕೆ ತಿರುಗಿದರೆ ಅಥವಾ ವಸಡಿನ ಮೇಲೆ ಗುಳ್ಳೆ ಎದ್ದರೆ ವರ್ಷ ಕಾಯಬೇಡಿ, ಆ ವಾರವೇ ಹೋಗಿ.